ಟೈಪ್ ಒನ್ನೋ ಟೈಪ್ ಟೂನೋ ತಿಳಿಯದ ಶುಗರ್: ಹೆಸರು ಸಿಗುವವರೆಗಿನ ದಿನಗಳು

ಶುಗರ್ ಇದೆಯೋ ಇಲ್ಲವೋ ಎಂದು ಹೇಳಲು ಒಂದೆರಡು ರಕ್ತಪರೀಕ್ಷೆ ಸಾಕು. ಅದು ಯಾವ ಬಗೆಯದು ಎಂದು ಖಚಿತವಾಗಿ ಹೇಳಲು ಕೆಲವರ ವಿಷಯದಲ್ಲಿ ಮೂರು ವರ್ಷ ಬೇಕಾಗುತ್ತದೆ. ಆ ನಡುವೆ ಒಬ್ಬ ಡಾಕ್ಟರು ಟೈಪ್ ಟೂ (ಇನ್ಸುಲಿನ್ ಇದ್ದೂ ಸರಿಯಾಗಿ ನಾಟದ ಬಗೆ) ಎಂದು ಮಾತ್ರೆ ಬರೆದಿರುತ್ತಾರೆ, ಇನ್ನೊಬ್ಬರು ಟೈಪ್ ಒನ್ (ದೇಹದ ಇನ್ಸುಲಿನ್ನೇ ಬತ್ತಿಹೋಗುವ ಬಗೆ) ಇರಬಹುದು ಎಂದು ಇನ್ಸುಲಿನ್ ಶುರು ಮಾಡಿರುತ್ತಾರೆ. ಯಾರ ಮಾತು ಕೇಳಬೇಕೆಂದು ತೋಚದೆ ಮನೆಯವರು ಒದ್ದಾಡುತ್ತಾರೆ. ಎಷ್ಟೋ ಸಲ ಇಬ್ಬರು ಡಾಕ್ಟರೂ ತಪ್ಪು ಮಾಡಿರುವುದಿಲ್ಲ. ಆ ಹೊತ್ತಿಗೆ ಕೈಯಲ್ಲಿದ್ದ ಮಾಹಿತಿ ಅಷ್ಟೇ ಇರುತ್ತದೆ.

ಈ ಬರಹದಲ್ಲಿ ನಾವು ಒತ್ತಿ ಹೇಳುವುದು ಒಂದೇ ಸಂಗತಿ. ಹೆಸರು ತಡವಾದರೆ ಯಾರೂ ಸಾಯುವುದಿಲ್ಲ. ಇನ್ಸುಲಿನ್ ಬೇಕಾದವರಿಗೆ ಇನ್ಸುಲಿನ್ ತಡವಾದರೆ ಸಾಯುತ್ತಾರೆ. ಆದ್ದರಿಂದ ‘ಇದು ಯಾವ ಟೈಪ್’ ಎಂಬ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು, ‘ಈಗ ಈ ದೇಹ ಎಷ್ಟು ಇನ್ಸುಲಿನ್ ಮಾಡುತ್ತಿದೆ, ಕೀಟೋನ್ (ಕೊಬ್ಬು ಕರಗಿದಾಗ ರಕ್ತಕ್ಕೆ ಸೇರುವ ಆಮ್ಲ) ಏರುವ ಅಪಾಯ ಇದೆಯೇ’ ಎಂದು ಮೊದಲು ಕೇಳಬೇಕು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮಧುಮೇಹದ ವರ್ಗಗಳನ್ನು ಪರಿಷ್ಕರಿಸಿದಾಗ ‘ಇನ್ನೂ ವರ್ಗೀಕರಿಸದ ಮಧುಮೇಹ’ ಎಂಬುದನ್ನೇ ಒಂದು ವರ್ಗವಾಗಿ ಇಟ್ಟಿತು. ಕಾಯಿಲೆ ಗೊತ್ತಾದ ಹೊಸತರಲ್ಲಿ ಸ್ಪಷ್ಟ ಚಿತ್ರ ಸಿಗದಿದ್ದರೆ ತಾತ್ಕಾಲಿಕವಾಗಿ ಬಳಸಲು ಅದು ಇದೆ. ಫೈಲಿನ ಮೇಲೆ ಊಹೆಯ ಟೈಪ್ ಬರೆಯುವುದಕ್ಕಿಂತ ‘ಬಗೆ ಇನ್ನೂ ನಿಶ್ಚಯವಾಗಿಲ್ಲ’ ಎಂದು ಬರೆಯುವುದು ಎಷ್ಟೋ ಮೇಲು. ಒಮ್ಮೆ ಟೈಪ್ ಟೂ ಎಂದು ಬರೆದರೆ ಮುಂದೆ ನೋಡುವ ಪ್ರತಿಯೊಬ್ಬರೂ ಅದನ್ನೇ ನಕಲು ಮಾಡುತ್ತಾ ಹೋಗುತ್ತಾರೆ.

ನಮ್ಮವರಲ್ಲಿ ಗೊಂದಲ ಯಾಕೆ ಹೆಚ್ಚು

ಟೈಪ್ ಒನ್ ಅಂದರೆ ತೆಳ್ಳಗಿನ ಮಗು, ಟೈಪ್ ಟೂ ಅಂದರೆ ದಪ್ಪಗಿನ ಮಧ್ಯವಯಸ್ಕ ಎಂಬ ಚಿತ್ರ ಬಂದದ್ದು ಯೂರೋಪಿನಿಂದ. ಅಲ್ಲಿಯೂ ಅದು ಪೂರ್ತಿ ನಿಜವಲ್ಲ. ಮೂವತ್ತು ದಾಟಿದ ಮೇಲೆ ಟೈಪ್ ಒನ್ ಬಂದವರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿಗೆ ಮೊದಮೊದಲು ಟೈಪ್ ಟೂ ಎಂದೇ ಚಿಕಿತ್ಸೆ ನಡೆಯುತ್ತದೆ ಎಂದು ಅಮೆರಿಕ ಮತ್ತು ಯೂರೋಪಿನ ಮಧುಮೇಹ ಸಂಘಗಳ 2021ರ ಜಂಟಿ ವರದಿ ಹೇಳುತ್ತದೆ.

ನಮ್ಮಲ್ಲಿ ಇನ್ನೊಂದು ಬದಿಯ ತೊಡಕೂ ಇದೆ. ಭಾರತೀಯರಿಗೆ ಟೈಪ್ ಟೂ ಬೇಗ ಬರುತ್ತದೆ, ತೂಕ ಕಡಿಮೆ ಇದ್ದರೂ ಬರುತ್ತದೆ. ಬಿ.ಎಂ.ಐ. (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23 ದಾಟಿದರೆ ನಮ್ಮವರಿಗೆ ಅದೇ ಹೆಚ್ಚಿನ ತೂಕ. ಸೊಂಟ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೆ ಹೊಟ್ಟೆಯ ಬೊಜ್ಜು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದ ಇಪ್ಪತ್ತೆಂಟರ ಯುವಕನನ್ನು ‘ತೆಳ್ಳಗಿದ್ದಾನೆ, ಟೈಪ್ ಒನ್’ ಎಂದರೆ ತಪ್ಪಾಗಬಹುದು. ಮನೆಯಲ್ಲಿ ಅಪ್ಪನಿಗೆ, ಸೋದರಮಾವನಿಗೆ ಶುಗರ್ ಇರುವುದೂ ನಮ್ಮಲ್ಲಿ ಹೆಚ್ಚೇನೂ ಹೇಳುವುದಿಲ್ಲ, ಯಾಕೆಂದರೆ ಬಹುಪಾಲು ಮನೆಗಳಲ್ಲಿ ಯಾರಿಗಾದರೂ ಇದ್ದೇ ಇರುತ್ತದೆ. ಟೈಪ್ ಒನ್ ಬಂದ ಹುಡುಗಿಯ ಅಜ್ಜಿಗೆ ಟೈಪ್ ಟೂ ಇರಲು ಅಡ್ಡಿಯಿಲ್ಲ.

ಕತ್ತಿನ ಹಿಂಭಾಗ, ಕಂಕುಳಲ್ಲಿ ಕಪ್ಪಗೆ ಮಖಮಲ್ಲಿನಂತೆ ದಪ್ಪವಾದ ಚರ್ಮ ಇದ್ದರೆ ಅದು ಇನ್ಸುಲಿನ್ ಸರಿಯಾಗಿ ನಾಟದಿರುವ ಗುರುತು, ಟೈಪ್ ಟೂ ಕಡೆಗೆ ವಾಲುತ್ತದೆ. ಕೆಲವೇ ವಾರಗಳಲ್ಲಿ ತೂಕ ಸರ್ರನೆ ಇಳಿದು, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವುದು ಟೈಪ್ ಒನ್ ಕಡೆಗೆ ವಾಲುತ್ತದೆ. ಆದರೆ ಸಕ್ಕರೆ 350, 400 ದಾಟಿದರೆ ಟೈಪ್ ಟೂ ಇದ್ದವರೂ ಇಳಿದುಹೋಗುತ್ತಾರೆ. ಯಾವ ಒಂದು ಲಕ್ಷಣವೂ ತೀರ್ಪು ಕೊಡುವುದಿಲ್ಲ.

ಮೊದಲ ದಿನವೇ ಕೀಟೋನ್

ಹೊಸದಾಗಿ ಶುಗರ್ ಗೊತ್ತಾದ ದಿನ ಸಕ್ಕರೆ 250ಕ್ಕಿಂತ ಮೇಲಿದ್ದು, ತೂಕ ಇಳಿದಿದ್ದರೆ ಅಥವಾ ಹೊಟ್ಟೆ ತೊಳಸುತ್ತಿದ್ದರೆ ಮನೆಯವರು ನಾಚಿಕೆ ಬಿಟ್ಟು ಕೇಳಬೇಕಾದ ಮಾತು: “ಡಾಕ್ಟ್ರೇ, ಇವರಿಗೆ ಕೀಟೋನ್ ನೋಡಿದೀರಾ?” ಮೂತ್ರದ ಪಟ್ಟಿಯಲ್ಲಿ ನೋಡುವ ಸುಲಭದ, ಅಗ್ಗದ ಪರೀಕ್ಷೆ ಅದು. ಗಡಿಬಿಡಿಯಲ್ಲಿ ಬಿಟ್ಟುಹೋಗುವುದೂ ಅದೇ.

ಇನ್ಸುಲಿನ್ ತೀರ ಕಡಿಮೆಯಾದಾಗ ದೇಹ ಸಕ್ಕರೆಯನ್ನು ಬಳಸಲಾಗದೆ ಕೊಬ್ಬನ್ನು ಕರಗಿಸುತ್ತದೆ. ಅದರಿಂದ ಬರುವ ಕೀಟೋನ್‌ಗಳು ರಕ್ತವನ್ನು ಆಮ್ಲವಾಗಿಸುತ್ತವೆ. ವಾಂತಿ, ಹೊಟ್ಟೆನೋವು, ಆಳವಾದ ಜೋರು ಉಸಿರಾಟ, ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ, ಮಂಪರು, ಹೀಗೆ ಅದು ಬೆಳೆಯುತ್ತದೆ. ಹೊಟ್ಟೆನೋವು ಮುಂದೆ ನಿಂತಿರುವುದರಿಂದ ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಮರಳುವವರಿದ್ದಾರೆ. ಇನ್ಸುಲಿನ್ ಬಹುತೇಕ ಇಲ್ಲದ ದೇಹದಲ್ಲಿ ಇದೆಲ್ಲ ಒಂದೆರಡು ದಿನದೊಳಗೆ ಆಗಬಹುದು.

ಕೀಟೋನ್ ಬಂತು ಎಂದಮಾತ್ರಕ್ಕೆ ಟೈಪ್ ಒನ್ ಎಂದೂ ಆಗಲಿಲ್ಲ. ಟೈಪ್ ಟೂ ಇದ್ದೂ ಮೊದಲ ಸಲವೇ ಕೀಟೋನ್ ಏರಿ ಐಸಿಯುಗೆ ಸೇರಿ, ಕೆಲವು ವಾರ ಇನ್ಸುಲಿನ್ ಪಡೆದು, ಆಮೇಲೆ ತಿಂಗಳುಗಟ್ಟಲೆ ಮಾತ್ರೆಯಲ್ಲೇ ಸರಿ ಇರುವವರಿದ್ದಾರೆ. ಆ ಹೊತ್ತಿನ ಚಿಕಿತ್ಸೆ ಇಬ್ಬರಿಗೂ ಒಂದೇ: ಇನ್ಸುಲಿನ್. ವಿಂಗಡಣೆ ಆಮೇಲೆ.

ಆಂಟಿಬಾಡಿ ಪರೀಕ್ಷೆ

ಟೈಪ್ ಒನ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನು ನಾಶಮಾಡುತ್ತದೆ. ಆ ದಾಳಿಯ ಕುರುಹಾಗಿ ರಕ್ತದಲ್ಲಿ ಆಂಟಿಬಾಡಿಗಳು ಸಿಗುತ್ತವೆ. ಮೊದಲು ಮಾಡಿಸಬೇಕಾದದ್ದು ಜಿಎಡಿ 65. ಅದು ನೆಗೆಟಿವ್ ಬಂದರೆ ಐಎ-2 ಮತ್ತು ಝಿಂಕ್ ಟ್ರಾನ್ಸ್‌ಪೋರ್ಟರ್ 8. ಇನ್ಸುಲಿನ್ ಆಂಟಿಬಾಡಿ ಎಂಬ ಇನ್ನೊಂದು ಇದೆ. ಇನ್ಸುಲಿನ್ ಇಂಜೆಕ್ಷನ್ ಶುರುವಾಗಿ ಒಂದೆರಡು ವಾರ ಕಳೆದಿದ್ದರೆ ಅದನ್ನು ಮಾಡಿಸಬೇಡಿ, ಯಾಕೆಂದರೆ ಹೊರಗಿನ ಇನ್ಸುಲಿನ್‌ಗೂ ದೇಹ ಆಂಟಿಬಾಡಿ ಮಾಡುತ್ತದೆ, ಪಾಸಿಟಿವ್ ಬಂದರೂ ಅರ್ಥವಿಲ್ಲ.

ಎರಡು ಬೇರೆ ಬೇರೆ ಆಂಟಿಬಾಡಿ ಪಾಸಿಟಿವ್ ಬಂದರೆ ಟೈಪ್ ಒನ್ ಎನ್ನಲು ಹೆಚ್ಚು ಅನುಮಾನ ಬೇಡ. ಜಿಎಡಿ ಒಂದೇ ಪಾಸಿಟಿವ್, ಅದೂ ಲ್ಯಾಬಿನ ಗೆರೆಯನ್ನು ಅಷ್ಟಿಷ್ಟು ದಾಟಿದ್ದರೆ ಎಚ್ಚರ ಬೇಕು. ಲೆಕ್ಕ ಹಾಕಿ ನೋಡಿ: ಪರೀಕ್ಷೆ ನೂರಕ್ಕೆ 98 ಸಲ ಸರಿಯಾಗಿ ನೆಗೆಟಿವ್ ಕೊಡುತ್ತದೆ ಎಂದಿಟ್ಟುಕೊಂಡರೂ, ನಿಜವಾಗಿ ಟೈಪ್ ಟೂ ಇರುವ 1000 ಮಂದಿಗೆ ಮಾಡಿದರೆ 20 ಜನರಿಗೆ ಸುಳ್ಳು ಪಾಸಿಟಿವ್ ಬರುತ್ತದೆ. ಆದ್ದರಿಂದ ದಪ್ಪಗಿದ್ದು, ಕತ್ತು ಕಪ್ಪಾಗಿದ್ದು, ಐವತ್ತರ ಮೇಲೆ ಶುಗರ್ ಬಂದವರು ‘ಪ್ಯಾಕೇಜ್’ನಲ್ಲಿ ಸೇರಿದೆ ಎಂದು ಜಿಎಡಿ ಮಾಡಿಸಿ ಗಾಬರಿಯಾಗಬೇಕಿಲ್ಲ, ಬಂದರೆ ಬೇರೆ ಲ್ಯಾಬಿನಲ್ಲಿ ಮತ್ತೊಮ್ಮೆ ನೋಡಿಸಬೇಕು. ಲ್ಯಾಬಿಂದ ಲ್ಯಾಬಿಗೆ ವಿಧಾನ, ಅಳತೆ, ಗೆರೆ ಎಲ್ಲ ಬೇರೆ. ಒಂದು ಕಡೆಯ ಅಂಕಿಯನ್ನು ಇನ್ನೊಂದು ಕಡೆಯ ಅಂಕಿಯ ಜೊತೆ ಹೋಲಿಸಬಾರದು.

ನೆಗೆಟಿವ್ ಬಂದರೆ? ಯೂರೋಪಿನ ಮೂಲದವರಲ್ಲೇ, ವಯಸ್ಕರಾದ ಮೇಲೆ ಟೈಪ್ ಒನ್ ಬಂದವರ ಪೈಕಿ ನೂರಕ್ಕೆ 5ರಿಂದ 10 ಮಂದಿಗೆ ಯಾವ ಆಂಟಿಬಾಡಿಯೂ ಸಿಗುವುದಿಲ್ಲ. ವರ್ಷಗಳು ಕಳೆದಂತೆ ಇದ್ದ ಆಂಟಿಬಾಡಿಗಳೂ ಮಾಯವಾಗಬಹುದು. ಹಾಗಾಗಿ ಪಾಸಿಟಿವ್ ಬಂದರೆ ಅದಕ್ಕೆ ತೂಕವಿದೆ, ನೆಗೆಟಿವ್‌ಗೆ ಅಷ್ಟಿಲ್ಲ. ಮಾಡಿಸುವುದಾದರೆ ಕಾಯಿಲೆ ಗೊತ್ತಾದ ಹೊಸತರಲ್ಲೇ ಮಾಡಿಸುವುದು ಒಳ್ಳೆಯದು.

ಸಿ-ಪೆಪ್ಟೈಡ್: ಹೆಚ್ಚು ಕೆಡುವುದು ಇಲ್ಲೇ

ಬೀಟಾ ಕೋಶ ಮೊದಲು ಪ್ರೊಇನ್ಸುಲಿನ್ ಎಂಬ ಉದ್ದದ ಸರಪಣಿ ಮಾಡಿ, ಅದನ್ನು ಕತ್ತರಿಸಿ ಇನ್ಸುಲಿನ್ ಮತ್ತು ಸಿ-ಪೆಪ್ಟೈಡ್ ಎಂಬ ಎರಡು ತುಂಡು ಬಿಡುಗಡೆ ಮಾಡುತ್ತದೆ. ಒಂದಕ್ಕೆ ಒಂದು, ಸಮ ಸಮ. ಮೆಡಿಕಲ್ ಶಾಪಿನ ಇನ್ಸುಲಿನ್‌ನಲ್ಲಿ ಸಿ-ಪೆಪ್ಟೈಡ್ ಇರುವುದಿಲ್ಲ. ಆದ್ದರಿಂದ ಇಂಜೆಕ್ಷನ್ ತಗೊಳ್ಳುತ್ತಿದ್ದರೂ ಈ ಪರೀಕ್ಷೆ ದೇಹದ ಸ್ವಂತ ಸಂಪಾದನೆ ಎಷ್ಟು ಎಂದು ತೋರಿಸುತ್ತದೆ. ಅದಕ್ಕಾಗಿ ಇಂಜೆಕ್ಷನ್ ನಿಲ್ಲಿಸಬೇಕಿಲ್ಲ.

ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗುವುದು ನಮ್ಮವರ ಅಭ್ಯಾಸ. ಇದಕ್ಕೆ ಊಟ ಮಾಡಿಯೇ ಹೋಗುವುದು ಉತ್ತಮ. ಮಾಮೂಲಿ ತಿಂಡಿ ತಿಂದು, ಸುಮಾರು ಒಂದೂವರೆ ಗಂಟೆಯಿಂದ ಐದು ಗಂಟೆಯೊಳಗೆ ರಕ್ತ ಕೊಡಿ. ಅದೇ ಸೂಜಿಯಲ್ಲಿ, ಅದೇ ಹೊತ್ತಿನ ರಕ್ತದಲ್ಲಿ ಗ್ಲೂಕೋಸನ್ನೂ ನೋಡಲು ಹೇಳಿ. ಗ್ಲೂಕೋಸ್ ಇಲ್ಲದ ಸಿ-ಪೆಪ್ಟೈಡ್ ರಿಪೋರ್ಟಿಗೆ ಬೆಲೆ ಕಡಿಮೆ. ಸಕ್ಕರೆ 70ಕ್ಕಿಂತ ಕೆಳಗಿದ್ದಾಗ ಆರೋಗ್ಯವಂತ ಬೀಟಾ ಕೋಶವೂ ಸುಮ್ಮನಿರುತ್ತದೆ, ಆಗ ಸಿ-ಪೆಪ್ಟೈಡ್ ಕಡಿಮೆ ಬಂದರೆ ಮತ್ತೆ ಮಾಡಿಸಬೇಕು.

ಅಂಕಿಗಳನ್ನು ಹೀಗೆ ಓದಬೇಕು. 0.6 ನ್ಯಾನೋಗ್ರಾಂ/ಮಿ.ಲೀ.ಗಿಂತ ಕಡಿಮೆ (ಇನ್ನೊಂದು ಅಳತೆಯಲ್ಲಿ 200 ಪಿಕೋಮೋಲ್/ಲೀ.) ಎಂದರೆ ಇನ್ಸುಲಿನ್ ಬಹುತೇಕ ಬತ್ತಿದೆ, ಟೈಪ್ ಒನ್‌ನಂತೆಯೇ ನೋಡಿಕೊಳ್ಳಬೇಕು. 1.8ಕ್ಕಿಂತ (600 ಪಿಕೋಮೋಲ್) ಹೆಚ್ಚು ಎಂದರೆ ಟೈಪ್ ಟೂ ಅಥವಾ ಬೇರೆ ಯಾವುದೋ ಬಗೆ ಇರುವ ಸಾಧ್ಯತೆ ಹೆಚ್ಚು. ನಡುವಿನದು ಅನುಮಾನದ ಪಟ್ಟಿ. ಅಲ್ಲಿ ಸಿಕ್ಕಿಕೊಂಡವರು ಬಹಳ ಜನ, ಅವರಿಗೆ ಆರು ತಿಂಗಳಿಗೋ ವರ್ಷಕ್ಕೋ ಇನ್ನೊಮ್ಮೆ ಮಾಡಿಸಿ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡುವುದೇ ದಾರಿ.

ರಿಪೋರ್ಟಿನ ಬದಿಯಲ್ಲಿ ಅಚ್ಚಾದ ‘ನಾರ್ಮಲ್’ ವ್ಯಾಪ್ತಿಯನ್ನು ನಂಬಿ ಕೂರಬೇಡಿ. ಅದು ಶುಗರ್ ಇಲ್ಲದವರ ಖಾಲಿ ಹೊಟ್ಟೆಯ ಲೆಕ್ಕ. ಸಕ್ಕರೆ 300 ಇರುವಾಗ ಸಿ-ಪೆಪ್ಟೈಡ್ 1.3 ಬಂದರೆ ಕಾಗದದ ಮೇಲೆ ನಾರ್ಮಲ್. ಆದರೆ ಆ ಸಕ್ಕರೆಗೆ ಸರಿಯಾದ ಬೀಟಾ ಕೋಶ ಅದರ ಎಷ್ಟೋ ಪಟ್ಟು ಮಾಡಬೇಕಿತ್ತು.

ಕಾಲವೂ ಮೋಸ ಮಾಡುತ್ತದೆ. ವಾರಗಟ್ಟಲೆ ಸಕ್ಕರೆ 400ರಲ್ಲಿದ್ದರೆ ಟೈಪ್ ಟೂನವರ ಬೀಟಾ ಕೋಶವೂ ಆ ವಿಷಕ್ಕೆ ಸಿಕ್ಕಿ ಮಂಕಾಗುತ್ತದೆ, ಸಿ-ಪೆಪ್ಟೈಡ್ ಟೈಪ್ ಒನ್‌ನಂತೆ ಕೆಳಗೆ ಬೀಳುತ್ತದೆ. ಕೀಟೋನ್ ಏರಿ ಆಸ್ಪತ್ರೆಗೆ ಸೇರಿದ್ದರೆ ಕಡೇಪಕ್ಷ ಎರಡು ವಾರ ಬಿಟ್ಟು ಮಾಡಿಸಬೇಕು. ಇದರ ತಿರುವುಮುರುವೂ ಉಂಟು: ಟೈಪ್ ಒನ್ ಶುರುವಾಗಿ ಇನ್ಸುಲಿನ್ ಕೊಟ್ಟ ಕೂಡಲೇ ಉಳಿದ ಕೋಶಗಳು ಚೇತರಿಸಿಕೊಂಡು ಕೆಲವು ತಿಂಗಳು ಚೆನ್ನಾಗಿ ದುಡಿಯುತ್ತವೆ. ಇದನ್ನು ಹನಿಮೂನ್ ಎನ್ನುತ್ತಾರೆ. ಇನ್ಸುಲಿನ್ ದಿನಕ್ಕೆ ಐದಾರು ಯೂನಿಟ್‌ಗೆ ಇಳಿಯುತ್ತದೆ, ಸಿ-ಪೆಪ್ಟೈಡ್ ಚೆನ್ನಾಗಿ ಬರುತ್ತದೆ, ‘ಟೈಪ್ ಟೂನೇ, ಇಂಜೆಕ್ಷನ್ ಬಿಡಿ’ ಎಂಬ ಮಾತು ಬರುತ್ತದೆ. ಕಾಯಿಲೆಗೆ ಮೂರು ವರ್ಷ ತುಂಬಿದ ಮೇಲೆ ಮಾಡಿಸಿದ ಸಿ-ಪೆಪ್ಟೈಡ್‌ಗೇ ಹೆಚ್ಚು ಬೆಲೆ ಇರುವುದು ಇದಕ್ಕೆ.

ಸಣ್ಣ ಊರಿನವರು ಗಮನಿಸಬೇಕಾದ ಒಂದು ವಿಷಯ. ಸಿ-ಪೆಪ್ಟೈಡ್ ಸಾದಾ ಟ್ಯೂಬಿನಲ್ಲಿ, ಸೆಕೆಯಲ್ಲಿ ಗಂಟೆಗಟ್ಟಲೆ ಇದ್ದರೆ ಕರಗುತ್ತಾ ಹೋಗುತ್ತದೆ. ಬೆಳಿಗ್ಗೆ ಕಲೆಕ್ಷನ್ ಸೆಂಟರಿನಲ್ಲಿ ತೆಗೆದ ರಕ್ತ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವುದಾದರೆ ಸುಳ್ಳೇ ಕಡಿಮೆ ಬರಬಹುದು. ತೆಗೆದ ಕೂಡಲೇ ಯಂತ್ರದಲ್ಲಿ ತಿರುಗಿಸಿ ಸೀರಮ್ ಬೇರ್ಪಡಿಸಿ ಐಸಿನಲ್ಲಿ ಕಳಿಸುತ್ತೀರಾ ಎಂದು ಕೇಳಿ. ಇಲ್ಲವಾದರೆ ಆ ಲ್ಯಾಬ್ ಇಡಿಟಿಎ ಟ್ಯೂಬನ್ನು (ನೇರಳೆ ಮುಚ್ಚಳದ್ದು) ಒಪ್ಪುತ್ತದೆಯೇ ಎಂದು ಕೇಳಿ. ಅದರಲ್ಲಿ ಒಂದು ದಿನದ ಮಟ್ಟಿಗೆ ಕೆಡದೆ ನಿಲ್ಲುತ್ತದೆ. ಎರಡೂ ಆಗದಿದ್ದರೆ ಪರೀಕ್ಷೆ ನಡೆಯುವ ಊರಿಗೇ ಹೋಗಿ ಕೊಡುವುದು ಮೇಲು.

ಕೂದಲು ಉದುರುತ್ತದೆ ಎಂದು ಬಯೋಟಿನ್ ಮಾತ್ರೆ ತಿನ್ನುವವರು ಬಹಳ. 5, 10 ಮಿಲಿಗ್ರಾಂನ ಆ ಮಾತ್ರೆಗಳು ಕೆಲವು ಯಂತ್ರಗಳ ಲೆಕ್ಕ ಕೆಡಿಸಿ ಸಿ-ಪೆಪ್ಟೈಡನ್ನು ಸುಳ್ಳೇ ಇಳಿಸುತ್ತವೆ. ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಲ್ಯಾಬಿಗೂ ತಿಳಿಸಿ. ಕಿಡ್ನಿ ಸೋತಿದ್ದರೆ ಸಿ-ಪೆಪ್ಟೈಡ್ ಹೊರಹೋಗದೆ ಉಳಿದು ಸುಳ್ಳೇ ಏರುತ್ತದೆ, ಆದ್ದರಿಂದ ಕ್ರಿಯಾಟಿನಿನ್ ರಿಪೋರ್ಟನ್ನು ಜೊತೆಗಿಟ್ಟು ಓದಬೇಕು. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಮಾತ್ರೆಗಳು ಬೀಟಾ ಕೋಶವನ್ನು ಹಿಂಡುವಂಥವು. ಅವನ್ನು ತಗೊಂಡಿದ್ದರೆ ಚೀಟಿಯ ಮೇಲೆ ಬರೆಸಿ.

ಒನ್ನೂ ಅಲ್ಲ, ಟೂನೂ ಅಲ್ಲ

ಮೂವತ್ತೈದರ ಆಚೆ ಶುರುವಾಗಿ, ಜಿಎಡಿ ಪಾಸಿಟಿವ್ ಇದ್ದು, ಮೊದಲ ಆರು ತಿಂಗಳಾದರೂ ಇನ್ಸುಲಿನ್ ಇಲ್ಲದೆ ನಡೆದರೆ ಅದನ್ನು ಲಾಡಾ ಎನ್ನುವ ರೂಢಿ. ಇದು ನಿಧಾನಗತಿಯ ಟೈಪ್ ಒನ್. ಇವರಿಗೆ ಗ್ಲಿಮೆಪಿರೈಡ್ ಕೊಟ್ಟರೆ ಕೆಲವು ತಿಂಗಳು ಸಕ್ಕರೆ ಚೆನ್ನಾಗಿಯೇ ಇರುತ್ತದೆ, ಆಮೇಲೆ ಡೋಸ್ ಎಷ್ಟು ಏರಿಸಿದರೂ ಹಿಡಿತಕ್ಕೆ ಬರುವುದಿಲ್ಲ. ಆಗ ‘ಪಥ್ಯ ಸರಿಯಾಗಿ ಮಾಡ್ತಿಲ್ಲ’ ಎಂದು ರೋಗಿಯನ್ನೇ ಬೈಯುವುದು ನಮಗೆ ನೋವು ತರುವ ಸಂಗತಿ. ಮೂರು ವರ್ಷದೊಳಗೆ ಮಾತ್ರೆಗಳೆಲ್ಲ ಸೋತು ಇನ್ಸುಲಿನ್ ಬೇಕಾಯಿತು ಎಂದರೆ ಬೈಯುವ ಮೊದಲು ಜಿಎಡಿ ಮತ್ತು ಸಿ-ಪೆಪ್ಟೈಡ್ ಮಾಡಿಸಬೇಕು.

ಒಂದೇ ಜೀನಿನ ದೋಷದಿಂದ ಬರುವ ಎಂ.ಒ.ಡಿ.ವೈ. ಎಂಬ ಗುಂಪು ಇನ್ನೊಂದು. ಸಾಮಾನ್ಯವಾಗಿ ಇಪ್ಪತ್ತೈದರ ಒಳಗೆ ಶುರು, ಅಜ್ಜ-ಅಪ್ಪ-ಮಗ ಹೀಗೆ ತಲೆಮಾರು ಬಿಡದೆ, ಆಂಟಿಬಾಡಿ ನೆಗೆಟಿವ್, ವರ್ಷಗಳ ನಂತರವೂ ಸಿ-ಪೆಪ್ಟೈಡ್ ಇದೆ, ಬೊಜ್ಜಿಲ್ಲ, ಕತ್ತು ಕಪ್ಪಿಲ್ಲ. ಇಷ್ಟು ಕೂಡಿದರೆ ಜೀನ್ ಪರೀಕ್ಷೆಯ ಮಾತು ಎತ್ತಬಹುದು. ಎಚ್‌ಎನ್‌ಎಫ್1ಎ ಎಂಬ ಜೀನಿನದಾದರೆ ವರ್ಷಗಟ್ಟಲೆ ಇನ್ಸುಲಿನ್ ಚುಚ್ಚಿಕೊಂಡವರೂ ಕಡಿಮೆ ಪ್ರಮಾಣದ ಗ್ಲಿಕ್ಲಾಜೈಡ್ ಮಾತ್ರೆಗೆ ಬದಲಾಗಬಹುದು. ಜಿಸಿಕೆ ಜೀನಿನದಾದರೆ ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 145ರ ನಡುವೆ ಜೀವನಪೂರ್ತಿ ಹಾಗೇ ನಿಲ್ಲುತ್ತದೆ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) ಸಾಮಾನ್ಯವಾಗಿ 7.6 ದಾಟುವುದಿಲ್ಲ, ಬಸಿರಿನ ಕಾಲ ಬಿಟ್ಟರೆ ಔಷಧವೇ ಬೇಡ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಈ ಬಗೆಗಳ ಜೀನ್ ಪರೀಕ್ಷೆಯಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತಿದೆ. ಹುಟ್ಟಿದ ಆರು ತಿಂಗಳೊಳಗೆ ಮಗುವಿಗೆ ಶುಗರ್ ಬಂದರೆ ಅದನ್ನು ಟೈಪ್ ಒನ್ ಎಂದು ಸುಮ್ಮನಾಗಲೇಬಾರದು, ಜೀನ್ ಪರೀಕ್ಷೆ ಆಗಲೇಬೇಕು. ಅವರಲ್ಲಿ ಎಷ್ಟೋ ಮಕ್ಕಳು ಇನ್ಸುಲಿನ್ ಬಿಟ್ಟು ಮಾತ್ರೆಗೆ ಬರುತ್ತಾರೆ.

ದಕ್ಷಿಣ ಭಾರತದವರು ಮರೆಯಬಾರದ ಇನ್ನೊಂದು ಬಗೆ ಮೇದೋಜೀರಕ ಗ್ರಂಥಿಯಲ್ಲಿ ಕಲ್ಲು ಕಟ್ಟಿ ಬರುವ ಶುಗರ್. 1959ರಲ್ಲಿ ಜುಯ್ಡೆಮಾ ಎಂಬ ವೈದ್ಯರು ಇದನ್ನು ಇಂಡೋನೇಷ್ಯಾದಲ್ಲಿ ಗುರುತಿಸಿದರು, ಕೇರಳದಲ್ಲಿ ಡಾ. ಗೀವರ್ಗೀಸ್ ನೂರಾರು ರೋಗಿಗಳನ್ನು ನೋಡಿ ದಾಖಲಿಸಿದರು. ಚಿಕ್ಕಂದಿನಿಂದ ಬೆನ್ನಿಗೆ ಇರಿಯುವ ಹೊಟ್ಟೆನೋವು, ಜಿಡ್ಡುಜಿಡ್ಡಾಗಿ ತೇಲುವ ಮಲ, ಬಡಕಲು ಮೈ, ಸಕ್ಕರೆ 400 ಇದ್ದರೂ ಕೀಟೋನ್ ಇಲ್ಲ. ಹೊಟ್ಟೆಯ ಒಂದು ಸಾದಾ ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್‌ನಲ್ಲಿ ಎಷ್ಟೋ ಸಲ ಕಲ್ಲು ಕಾಣುತ್ತದೆ. ಮಲದ ಇಲಾಸ್ಟೇಸ್ (ಮೇದೋಜೀರಕ ಗ್ರಂಥಿಯ ಒಂದು ಜೀರ್ಣಕಿಣ್ವ) 200ಕ್ಕಿಂತ ಕಡಿಮೆ ಬಂದರೆ ಜೀರ್ಣರಸವೂ ಕಡಿಮೆಯಾಗಿದೆ ಎಂದರ್ಥ. ಇವರಿಗೆ ಇನ್ಸುಲಿನ್ ಜೊತೆಗೆ ಊಟದೊಡನೆ ನುಂಗುವ ಕಿಣ್ವದ ಕ್ಯಾಪ್ಸೂಲ್ ಬೇಕು. ಸಕ್ಕರೆ ಏರಿಸುವ ಗ್ಲೂಕಗಾನ್ ಕೂಡ ಇವರಲ್ಲಿ ಕಡಿಮೆ, ಆದ್ದರಿಂದ ಲೋ ಶುಗರ್ ಬೇಗ ಆಗುತ್ತದೆ.

ಬಾಲ್ಯದಿಂದ ಅರೆಹೊಟ್ಟೆಯಲ್ಲಿ ಬೆಳೆದ, ತೀರ ತೆಳ್ಳಗಿನವರ ಶುಗರನ್ನು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2025ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನ ಸಮ್ಮೇಳನದಲ್ಲಿ ‘ಟೈಪ್ ಫೈವ್’ ಎಂದು ಒಪ್ಪಿತು. ಅದಕ್ಕೆ ಆಧಾರವಾದ ಅಧ್ಯಯನಗಳಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಪಾಲು ದೊಡ್ಡದು. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಇದ್ದು, 1999ರಲ್ಲಿ ಬಿಟ್ಟುಹೋಗಿದ್ದ ವರ್ಗ ಅದು. ಇದೆಲ್ಲವನ್ನೂ ಹೇಳುವುದು ಏಕೆಂದರೆ, ನಿಮ್ಮ ಬಗೆ ತಿಳಿಯದಿರುವುದು ನಿಮ್ಮ ಡಾಕ್ಟರ ದಡ್ಡತನವೇ ಆಗಿರಬೇಕಿಲ್ಲ. ವರ್ಗಗಳೇ ಇನ್ನೂ ಗಟ್ಟಿಯಾಗಿಲ್ಲ.

ತಿಳಿಯುವವರೆಗೆ ಬದುಕುವುದು

ಅನುಮಾನ ಇರುವಷ್ಟು ಕಾಲ ಟೈಪ್ ಒನ್ ಎಂದೇ ಭಾವಿಸಿ ಜಾಗ್ರತೆ ಮಾಡಿ. ಟೈಪ್ ಟೂ ಇದ್ದವರಿಗೆ ಇನ್ಸುಲಿನ್ ಕೊಟ್ಟರೆ ಖರ್ಚು, ಸ್ವಲ್ಪ ತೂಕ, ಲೋ ಆಗುವ ಭಯ, ಇವನ್ನು ಸಂಭಾಳಿಸಬಹುದು. ಟೈಪ್ ಒನ್ ಇದ್ದವರಿಗೆ ಇನ್ಸುಲಿನ್ ತಪ್ಪಿಸಿದರೆ ಐಸಿಯು.

ಮಾತ್ರೆಗಳಲ್ಲಿ ಒಂದು ಗುಂಪಿನ ಬಗ್ಗೆ ವಿಶೇಷ ಎಚ್ಚರ: ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್, ರೆಮೋಗ್ಲಿಫ್ಲೋಜಿನ್. ಹೃದಯಕ್ಕೂ ಕಿಡ್ನಿಗೂ ಒಳ್ಳೆಯ ಔಷಧಗಳೇ. ಆದರೆ ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ದೇಹದಲ್ಲಿ ಇನ್ಸುಲಿನ್ ಇಲ್ಲದಿದ್ದರೂ ಮೀಟರ್ 170, 180 ಎಂದು ತೋರಿಸುತ್ತಿರುತ್ತದೆ, ಒಳಗೆ ಕೀಟೋನ್ ಏರುತ್ತಿರುತ್ತದೆ. ಸಕ್ಕರೆ ಹೆಚ್ಚಿಲ್ಲವಲ್ಲ ಎಂದು ಆಸ್ಪತ್ರೆಯಲ್ಲೂ ತಪ್ಪಿಹೋಗಬಹುದು. ಭಾರತದಲ್ಲಿ ಡಾಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2020ರಲ್ಲಿ ಮುಗಿದ ಮೇಲೆ ಅಗ್ಗವಾಗಿ, ಮೆಟ್‌ಫಾರ್ಮಿನ್, ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಜೊತೆ ಬೆರೆತ ಮಾತ್ರೆಗಳಲ್ಲೂ ಬರುತ್ತಿದೆ. ಬ್ರ್ಯಾಂಡ್ ಹೆಸರು ನೋಡಿದರೆ ಗೊತ್ತಾಗುವುದಿಲ್ಲ. ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರದಲ್ಲಿ ‘ಗ್ಲಿಫ್ಲೋಜಿನ್’ ಎಂದು ಕೊನೆಯಾಗುವ ಹೆಸರು ಇದೆಯೇ ಹುಡುಕಿ. ಬಗೆ ನಿಶ್ಚಯವಾಗದವರು ಇದ್ದರೆ ಡಾಕ್ಟರ ಹತ್ತಿರ ಎತ್ತಿ ಮಾತಾಡಿ. ಯಾರೇ ತಗೊಳ್ಳುತ್ತಿದ್ದರೂ ವಾಂತಿ, ಜ್ವರ, ಏಕಾದಶಿ ಅಥವಾ ರಂಜಾನ್ ಉಪವಾಸದ ಹೊತ್ತಿಗೆ ನಿಲ್ಲಿಸುವ ಬಗ್ಗೆ ಮೊದಲೇ ಕೇಳಿಟ್ಟುಕೊಳ್ಳಬೇಕು. ಆಪರೇಷನ್‌ಗೆ ಮೂರು ದಿನ ಮೊದಲೇ ನಿಲ್ಲಿಸುವುದು ನಿಯಮ.

ಮನೆಯಲ್ಲಿ ಕೀಟೋನ್ ಪಟ್ಟಿಯ ಡಬ್ಬಿ ಇರಲಿ. ಸಕ್ಕರೆ ಎರಡು ಸಲ ಬಿಡದೆ 250 ದಾಟಿದರೆ, ಅಥವಾ ಸಕ್ಕರೆ ಎಷ್ಟೇ ಇರಲಿ ವಾಂತಿ-ಹೊಟ್ಟೆನೋವು ಬಂದರೆ ನೋಡಿ. ಆಗ ತಾನೇ ಹೊಯ್ದ ಮೂತ್ರದಲ್ಲಿ ಅದ್ದಿ, ಅಂಚಿನಲ್ಲಿ ಒರೆಸಿ, ಡಬ್ಬಿಯ ಮೇಲೆ ಹೇಳಿದಷ್ಟೇ ಸೆಕೆಂಡಿಗೆ (ಹಲವಕ್ಕೆ 15) ಬಣ್ಣ ಹೋಲಿಸಬೇಕು. ತಡಮಾಡಿದರೆ ಬಣ್ಣ ಗಾಢವಾಗಿ ಸುಳ್ಳು ಗಾಬರಿ. ಡಬ್ಬಿ ತೆರೆದ ದಿನಾಂಕವನ್ನು ಮುಚ್ಚಳದ ಮೇಲೆ ಬರೆಯಿರಿ, ತೇವ ತಗುಲಿದ ಪಟ್ಟಿ ಕೆಲಸಕ್ಕೆ ಬಾರದು. ಬೆಳಿಗ್ಗೆ ಎದ್ದ ಕೂಡಲೇ ಅಥವಾ ಉಪವಾಸದಲ್ಲಿ ಚೂರು ಬಣ್ಣ ತಿರುಗುವುದು ಸಹಜ. ಬೆರಳಿನ ರಕ್ತದಲ್ಲಿ ಕೀಟೋನ್ ನೋಡುವ ಮೀಟರ್ ಹೆಚ್ಚು ನಂಬಿಕೆಯದು: 0.6ರ ಕೆಳಗೆ ಸರಿ, 1.5 ದಾಟಿದರೆ ಡಾಕ್ಟರಿಗೆ ಫೋನ್, 3 ದಾಟಿದರೆ ಆಸ್ಪತ್ರೆ. ಮೂತ್ರದ ಪಟ್ಟಿಯಲ್ಲಿ ಮಧ್ಯಮಕ್ಕಿಂತ ಹೆಚ್ಚಿನ ಬಣ್ಣದ ಜೊತೆ ವಾಂತಿ ಇದ್ದರೂ ಆಸ್ಪತ್ರೆಯೇ.

ಹುಷಾರಿಲ್ಲದಾಗ ಊಟ ಸೇರುತ್ತಿಲ್ಲವೆಂದು ಇನ್ಸುಲಿನ್ ಪೂರ್ತಿ ಬಿಡುವುದು ಬಹಳ ಕಡೆ ನಡೆಯುವ ತಪ್ಪು. ದಿನಕ್ಕೊಮ್ಮೆ ತಗೊಳ್ಳುವ ಉದ್ದ ಕಾಲದ ಇನ್ಸುಲಿನ್ ನಿಲ್ಲಬಾರದು. ಊಟದ ಇನ್ಸುಲಿನ್ ಮಾತ್ರ ಊಟಕ್ಕೆ ತಕ್ಕಂತೆ ಬದಲಾಗುತ್ತದೆ. ಮೂರು ನಾಲ್ಕು ಗಂಟೆಗೊಮ್ಮೆ ಸಕ್ಕರೆ ನೋಡಿ, ಗಂಟೆಗೊಂದು ಲೋಟದಂತೆ ನೀರು, ಉಪ್ಪು ಹಾಕಿದ ನೀರುಮಜ್ಜಿಗೆ ಕುಡಿಯುತ್ತಿರಿ. ಸಕ್ಕರೆ ಇಳಿಯುತ್ತಿದ್ದರೆ ಗಂಜಿ.

“ಇಂಜೆಕ್ಷನ್ ಬಿಟ್ಟು ನೋಡೋಣ, ಗೊತ್ತಾಗುತ್ತೆ” ಎಂದು ಮನೆಯಲ್ಲೇ ಪ್ರಯೋಗ ಬೇಡ. ಇನ್ಸುಲಿನ್ ಕಡಿಮೆ ಮಾಡುವುದಾದರೆ ಡಾಕ್ಟರ ಕಣ್ಣೆದುರಲ್ಲಿ, ಸ್ವಲ್ಪ ಸ್ವಲ್ಪವಾಗಿ, ಸಕ್ಕರೆ-ಕೀಟೋನ್ ನೋಡಿಕೊಂಡು. ಇಂತಿಷ್ಟು ದಿನದಲ್ಲಿ ಶುಗರ್ ಬುಡಸಮೇತ ಹೋಗುತ್ತದೆ, ಇಂಜೆಕ್ಷನ್ ನಿಲ್ಲಿಸಿ ಬನ್ನಿ ಎನ್ನುವವರ ಹತ್ತಿರ ಬಗೆ ತಿಳಿಯದವರು ಹೋಗಲೇಬಾರದು. ನೆರೆಮನೆಯವರಿಗೆ ಆ ಕಷಾಯದಿಂದ ಒಳ್ಳೆಯದಾಗಿದ್ದರೆ ಅವರ ದೇಹದಲ್ಲಿ ಇನ್ಸುಲಿನ್ ಉಳಿದಿತ್ತು ಎಂದಷ್ಟೇ ತಿಳಿಯಬೇಕು.

ತಪಾಸಣೆಗಳಲ್ಲಿ ಎರಡು ಬಗೆಯ ನಿಯಮಗಳಲ್ಲಿ ಬಿಗಿಯಾದದ್ದನ್ನು ಹಿಡಿಯಿರಿ. ಟೈಪ್ ಒನ್‌ನ ವಯಸ್ಕರಿಗೆ ಕಣ್ಣಿನ ಪರದೆಯ ಪರೀಕ್ಷೆ ಐದು ವರ್ಷದೊಳಗೆ ಸಾಕು, ಟೈಪ್ ಟೂಗೆ ಗೊತ್ತಾದ ಕೂಡಲೇ. ನೀವು ಕೂಡಲೇ ಮಾಡಿಸಿ. ಮೂತ್ರದ ಆಲ್ಬುಮಿನ್, ಪಾದದ ಪರೀಕ್ಷೆಯೂ ಹಾಗೆಯೇ. ಜಿಎಡಿ ಪಾಸಿಟಿವ್ ಇದ್ದರೆ ಥೈರಾಯ್ಡ್ ಟಿಎಸ್‌ಎಚ್ ಸೇರಿಸಿ. ರಕ್ತಹೀನತೆ ಇರುವ ಹೆಂಗಸರಲ್ಲಿ ಕಬ್ಬಿಣದ ಕೊರತೆ ಎಚ್‌ಬಿಎ1ಸಿಯನ್ನು ಸುಳ್ಳೇ ಏರಿಸುತ್ತದೆ, ಮೀಟರಿನ ಅಂಕಿಗೂ ಅದಕ್ಕೂ ತಾಳೆಯಾಗದಿದ್ದರೆ ಹಿಮೋಗ್ಲೋಬಿನ್ ನೋಡಿಸಿ. ಮಗು ಬೇಕೆಂದಿರುವವರು ಬಗೆಯ ವಿಚಾರವನ್ನು ಬಸಿರಿಗೆ ಮೊದಲೇ ಡಾಕ್ಟರ ಮುಂದಿಡಿ.

ಒಂದು ಪುಟದ ದಾಖಲೆ ಮಾಡಿಟ್ಟುಕೊಳ್ಳಿ. ಗೊತ್ತಾದ ತಿಂಗಳು, ಆಗಿನ ತೂಕ ಮತ್ತು ಅದಕ್ಕೆ ಮೊದಲಿನ ತೂಕ, ಮೊದಲ ಸಕ್ಕರೆ, ಕೀಟೋನ್ ಇತ್ತೋ ಇಲ್ಲವೋ, ಸ್ಟೀರಾಯ್ಡ್ ಏನಾದರೂ ತಗೊಂಡಿದ್ದರೆ ಅದು, ಹೊಟ್ಟೆನೋವಿನ ಇತಿಹಾಸ, ಇನ್ಸುಲಿನ್ ಶುರುವಾದ ದಿನ, ಈಗಿನ ಒಟ್ಟು ಯೂನಿಟ್, ಪ್ರತಿ ಸಿ-ಪೆಪ್ಟೈಡ್‌ನ ಪಕ್ಕದಲ್ಲಿ ಅದೇ ಹೊತ್ತಿನ ಗ್ಲೂಕೋಸ್. ಮೂರು ತಲೆಮಾರಿನಲ್ಲಿ ಯಾರ‍್ಯಾರಿಗೆ ಶುಗರ್, ಎಷ್ಟನೇ ವಯಸ್ಸಿಗೆ ಬಂತು, ಮಾತ್ರೆಯೋ ಇಂಜೆಕ್ಷನ್ನೋ ಎಂಬುದನ್ನೂ ಅಜ್ಜಿ, ದೊಡ್ಡಮ್ಮ, ಚಿಕ್ಕಪ್ಪಂದಿರನ್ನು ಕೇಳಿ ಬರೆಯಿರಿ. ಎಂಡೋಕ್ರಿನಾಲಜಿಸ್ಟ್ (ಹಾರ್ಮೋನ್ ತಜ್ಞರು) ಹತ್ತಿರ ಸಿಗುವ ಸಮಯ ಸ್ವಲ್ಪ, ಈ ಪುಟ ಇದ್ದರೆ ಅದು ಹಳೆಯ ಚೀಟಿ ಹುಡುಕುವುದರಲ್ಲಿ ಹೋಗುವುದಿಲ್ಲ. ಜೇಬಿನಲ್ಲಿ, ಮೊಬೈಲಿನಲ್ಲಿ ಎರಡು ಸಾಲು ಇರಲಿ: ‘ಮಧುಮೇಹ, ಬಗೆ ನಿಶ್ಚಯವಾಗಿಲ್ಲ. ಇನ್ಸುಲಿನ್ ನಿಲ್ಲಿಸಬೇಡಿ, ಕೀಟೋನ್ ನೋಡಿ.’

ಬಗೆ ಖಚಿತವಾದ ದಿನ ಆ ಸಾಲನ್ನು ಬದಲಿಸಿ, ಹಳೆಯ ಫೈಲುಗಳ ಮೇಲಿನ ತಪ್ಪು ಹೆಸರನ್ನು ಡಾಕ್ಟರ ಸಹಿಯೊಂದಿಗೆ ತಿದ್ದಿಸಿ. ಎಂ.ಒ.ಡಿ.ವೈ. ಎಂದು ತಿಳಿದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಅದೇ ಜೀನಿನ ದೋಷವಿರುವ ಸಾಧ್ಯತೆ ಅರ್ಧಕ್ಕರ್ಧ. ಅವರಿಗೆ ಇಡೀ ಪಟ್ಟಿಯ ಪರೀಕ್ಷೆ ಬೇಡ, ನಿಮ್ಮಲ್ಲಿ ಸಿಕ್ಕ ಆ ಒಂದು ಬದಲಾವಣೆಯನ್ನಷ್ಟೇ ನೋಡಿಸಿದರೆ ಸಾಕು. ಅದಕ್ಕೆ ಖರ್ಚೂ ಕಡಿಮೆ.